ಮೇಣದ ಬತ್ತಿ ಹೊಗೆ ಬಿಟ್ಟರೆ ಕತ್ತರಿ ತಗೊಳ್ಳಿ

ಕರೆಂಟ್ ಹೋದ ರಾತ್ರಿ ಮೇಣದ ಬತ್ತಿ ಹಚ್ಚಿಟ್ಟು, ಬೆಳಿಗ್ಗೆ ಗೋಡೆ ಮೇಲೆ ಕಪ್ಪು ಪಟ್ಟೆ ಕಂಡರೆ ಎಲ್ಲರೂ ಬಯ್ಯೋದು ಮೇಣವನ್ನೇ. ಮೇಣ ಕಳಪೆ ಇದ್ದರೂ ಇರಬಹುದು, ಆದರೆ ಮೊದಲು ಒಳಗಿನ ನೂಲಿನ ಬತ್ತಿ ಎಷ್ಟುದ್ದ ಇದೆ, ಮೇಣದ ಬತ್ತಿಯನ್ನ ಎಲ್ಲಿ ಇಟ್ಟಿದ್ದೀರಿ ಅಂತ ನೋಡಿ.

ಅಲ್ಲಿ ಉರಿಯೋದು ಗಟ್ಟಿ ಮೇಣವೂ ಅಲ್ಲ, ಕರಗಿದ ಮೇಣವೂ ಅಲ್ಲ. ಕರಗಿದ್ದು ನೂಲಿನ ಎಳೆಗಳ ಸಂದಿಯಲ್ಲಿ ಮೇಲೇರಿ, ಬಿಸಿಗೆ ಆವಿಯಾಗಿ, ಆ ಆವಿ ಗಾಳಿ ಜೊತೆ ಬೆರೆತು ಉರಿಯುತ್ತೆ. ನಂಬಿಕೆ ಬರದಿದ್ದರೆ ಬತ್ತಿಯನ್ನ ಊದಿ, ತಕ್ಷಣ ಏಳುವ ಬಿಳಿ ಹೊಗೆಗೆ ಒಂದೆರಡು ಬೆರಳು ಮೇಲೆ ಉರಿಯುವ ಕಡ್ಡಿ ಹಿಡಿಯಿರಿ. ಬೆಂಕಿ ಹೊಗೆಯ ಜಾಡು ಹಿಡಿದು ಕೆಳಗಿಳಿದು ಬತ್ತಿಗೆ ಹತ್ತಿಕೊಳ್ಳುತ್ತೆ. ವಿಜ್ಞಾನಿ ಮೈಕೆಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳ ಮುಂದೆ ಇದನ್ನೇ ಮಾಡಿ ತೋರಿಸಿದ್ದರು. ನೀವೂ ಮೊಮ್ಮಕ್ಕಳಿಗೆ ತೋರಿಸಿ, ಕಡ್ಡಿ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಜ್ವಾಲೆಯ ಬುಡ ನೀಲಿ, ಅಲ್ಲಿಗೆ ಗಾಳಿ ಚೆನ್ನಾಗಿ ಸಿಗುತ್ತೆ. ಮೇಲಿನ ಹಳದಿ ಭಾಗದ ಒಳಗೆ ಗಾಳಿ ಸಾಲದು. ಅಲ್ಲಿ ಹುಟ್ಟಿದ ಮಸಿಯ ಕಣಗಳು ಕಾದು ಹೊಳೆಯುತ್ತವೆ, ನಾವು ಓದಿ ಬರೆದದ್ದೆಲ್ಲ ಆ ಮಸಿಯ ಬೆಳಕಲ್ಲೇ. ತುದಿ ಮುಟ್ಟುವಷ್ಟರಲ್ಲಿ ಕಣಗಳೂ ಸುಟ್ಟುಹೋದರೆ ಹೊಗೆ ಇರಲ್ಲ. ಬತ್ತಿ ಉದ್ದವಾದರೆ ಆವಿ ಜಾಸ್ತಿ ಆಗಿ, ಗಾಳಿ ಸಾಲದೆ, ಸುಡದೆ ಉಳಿದ ಮಸಿ ಗೋಡೆಗೆ ಹೋಗುತ್ತೆ. ಹಾಗಾಗಿ ಹಚ್ಚುವ ಮುಂಚೆ ಬತ್ತಿಯನ್ನ ಅರ್ಧ ಸೆಂಟಿಮೀಟರಿಗೆ ಕತ್ತರಿಸಿ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದೆವಲ್ಲ, ಅದೂ ಇದೇ ಲೆಕ್ಕ: ತಣ್ಣನೆ ತಟ್ಟೆ ಅಡ್ಡ ಬಂದು ಮಸಿ ಸುಡೋಕೇ ಬಿಡಲ್ಲ. (ಆ ಕಾಡಿಗೆಯನ್ನ ಕೂಸಿನ ಕಣ್ಣಿಗೆ ಹಚ್ಚಬೇಡಿ ಅಂತ ಈಗ ಡಾಕ್ಟರು ಹೇಳ್ತಾರೆ, ಕೇಳಿ.)

ಇನ್ನು ಜ್ವಾಲೆಯ ಕುಡಿ ಕುಣಿಯೋದು. ಬಿಸಿ ಗಾಳಿ ಹಗುರ, ಮೇಲೇಳುತ್ತೆ. ಆ ಜಾಗಕ್ಕೆ ಸುತ್ತಲಿನ ತಣ್ಣನೆ ಗಾಳಿ ಬುಡದಿಂದ ನುಗ್ಗುತ್ತೆ. ಕುಡಿ ಚೂಪಾಗೋದು ಈ ಏರುಗಾಳಿಯಿಂದಲೇ. ಬಾಹ್ಯಾಕಾಶ ನೌಕೆಯೊಳಗೆ ಹೀಗೆ ಗಾಳಿ ಮೇಲೇಳಲ್ಲ, ಅದಕ್ಕೇ ಅಲ್ಲಿ ಜ್ವಾಲೆ ಗುಂಡಗೆ, ಮಂಕು ನೀಲಿಯಾಗಿರುತ್ತೆ. ನಮ್ಮ ಮನೆಯಲ್ಲಿ ಒಂಟಿ ಮೇಣದ ಬತ್ತಿಯ ಜ್ವಾಲೆ ಅಲುಗಾಡಿದರೆ ಕಿಟಕಿ ಸಂದಿಯೋ ಫ್ಯಾನೋ ಕಾರಣ, ಅಲ್ಲಿಂದ ಎತ್ತಿಡಿ. ಅಲುಗಾಡುವ ಜ್ವಾಲೆ ಮಸಿಯನ್ನೂ ಪೂರ್ತಿ ಸುಡಲ್ಲ, ಮೇಣವನ್ನೂ ಒಂದೇ ಪಕ್ಕಕ್ಕೆ ಸುರಿಸುತ್ತೆ. ಮೂರ್ನಾಲ್ಕು ಮೇಣದ ಬತ್ತಿ ಒತ್ತಿಟ್ಟರಂತೂ ಗಾಳಿ ಬೀಸದಿದ್ದರೂ ಜ್ವಾಲೆಗಳು ಕುಣಿಯುತ್ತವೆ. ಒಂದಕ್ಕೊಂದು ನಾಲ್ಕು ಬೆರಳಾದರೂ ದೂರ ಇಡಿ.

ಶಾಂತ ಮಾಡುವಾಗ ಊದಬೇಡಿ, ಬಿಸಿ ಮೇಣ ಚಿಮ್ಮುತ್ತೆ, ಹೊಗೆಯೂ ಏಳುತ್ತೆ. ಚಮಚದ ಹಿಡಿಯಿಂದ ಬತ್ತಿಯನ್ನ ಕರಗಿದ ಮೇಣದೊಳಗೆ ಅದ್ದಿ, ಮತ್ತೆ ನೆಟ್ಟಗೆ ಮಾಡಿ. ಹೊಗೆ ಬರಲ್ಲ, ಮುಂದಿನ ಸಲ ಬೇಗ ಹತ್ತುತ್ತೆ. ಮೇಣವೇ ಹೊತ್ತಿಕೊಂಡರೆ ನೀರು ಮಾತ್ರ ಹಾಕಬೇಡಿ. ನೀರು ತಳಕ್ಕಿಳಿದು, ಕುದ್ದು, ಉರಿಯುವ ಮೇಣವನ್ನ ಮೇಲಕ್ಕೆ ಎರಚುತ್ತೆ. ಅಗಲವಾದ ಸ್ಟೀಲ್ ಮುಚ್ಚಳ ಕವುಚಿಬಿಡಿ, ಪೂರ್ತಿ ಆರುವ ತನಕ ತೆಗೆಯಬೇಡಿ.