ಮಂಡಿ ಆಪರೇಷನ್‌ಗೆ ಮುಂಚೆ ಬಾತ್‌ರೂಮ್ ಬಾಗಿಲು ಅಳೆಯಿರಿ

ಮಂಡಿ ಕೀಲು ಬದಲಿಸುವ ಆಪರೇಷನ್‌ಗೆ ದಿನ ಗೊತ್ತಾಗಿದೆಯಾ? ಮೊದಲು ಟೇಪ್ ಹಿಡಿದು ಬಾತ್‌ರೂಮ್ ಬಾಗಿಲು ಅಳೆಯಿರಿ. ವಾಕರ್ ಒಳಗೆ ಹೋಗಬೇಕಲ್ವಾ! ನಮ್ಮದು ಹಳೇ ಮನೆ, ಕಿರಿದಾದ ಬಾಗಿಲು. ಒಂದೊಂದು ಸಲವೂ ವಾಕರ್ ಅಡ್ಡ ತಿರುಗಿಸಿಕೊಂಡೇ ಹೋಗಬೇಕಿತ್ತು. ಕೂರುವ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ಬಾಡಿಗೆಗೂ ಸಿಗುತ್ತದೆ. ಕಾಲೊರಸುಗಳನ್ನೆಲ್ಲ ಎತ್ತಿಡಿ.

ಮನೆಗೆ ಬಂದ ಮೇಲೆ ಎಲ್ಲರೂ ಪ್ರೀತಿಯಿಂದ ಮಂಡಿ ಕೆಳಗೆ ದಿಂಬು ಇಡಲು ಬರುತ್ತಾರೆ. ಬೇಡ ಅನ್ನಿ. ಹಾಯೆನಿಸುತ್ತದೆ, ನಿಜ. ಆದರೆ ಕಾಲು ಮಡಿಸಿದ ಹಾಗೇ ಬಿಗಿದುಕೊಳ್ಳುತ್ತದೆ, ಆಮೇಲೆ ನೆಟ್ಟಗೆ ಮಾಡುವುದು ಭಾರೀ ಕಷ್ಟ. ಟವೆಲ್ ಸುತ್ತಿ ಹಿಮ್ಮಡಿ ಕೆಳಗಿಡಿ, ಮಂಡಿ ತಾನಾಗೇ ಹಾಸಿಗೆ ಕಡೆ ಇಳಿಯುತ್ತದೆ. ನೋಡಲು ಬಂದವರು ಎಷ್ಟು ಮಡಿಸ್ತೀರಿ ಅಂತಲೇ ಕೇಳುತ್ತಾರೆ. ನೆಟ್ಟಗಾಗುವುದೂ ಅಷ್ಟೇ ಮುಖ್ಯ ಸ್ವಾಮಿ. ನೋವಿನ ಮಾತ್ರೆಯನ್ನು ಫಿಸಿಯೋ ಬರುವುದಕ್ಕೆ ಸ್ವಲ್ಪ ಮುಂಚೆ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ.

ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಮಂಡಿ ಇಂಪ್ಲಾಂಟ್‌ಗೆ, ಅಂದರೆ ಒಳಗೆ ಕೂರಿಸುವ ಕೃತಕ ಕೀಲಿಗೆ, 2017ರಲ್ಲೇ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡಿದೆ. ಬಿಲ್‌ನಲ್ಲಿ ಅದನ್ನು ಬೇರೆಯಾಗಿ ಬರೆಸಿಕೊಳ್ಳಿ.

ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.