ಹೊಸಬರಿಗೆ ಮಾರ್ಗದರ್ಶಿ: ಗುಡ್ಡದ ಮಗ್ಗುಲ ಮನೆಯ ನೆಲಮಾಳಿಗೆಯ ನಿರ್ವಹಣೆ

ಬ್ಯಾಂಕು, ಶಾಲೆ, ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಮೊದಲಾದೆಡೆ ಉದ್ಯೋಗ ನಿಮಿತ್ತ ಕಾಸರಗೋಡು ಜಿಲ್ಲೆಗೆ ಬರುವ ಕನ್ನಡ ಕುಟುಂಬಗಳಲ್ಲಿ ಅನೇಕರಿಗೆ ಬಾಡಿಗೆಗೆ ದೊರೆಯುವುದು ಗುಡ್ಡದ ಇಳಿಜಾರನ್ನು ಕಡಿದು ಕಟ್ಟಿದ ಮನೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು ಕಾಣುತ್ತದೆ. ಬದಿಯ ಮೆಟ್ಟಿಲಿಳಿದರೆ ಅಡಿಯಲ್ಲಿ ಇನ್ನೊಂದು ಅಂತಸ್ತು, ಅದರ ಒಂದೆರಡು ಗೋಡೆಗಳು ನೇರವಾಗಿ ಗುಡ್ಡದ ಮಣ್ಣಿಗೆ ತಾಗಿಕೊಂಡಿರುತ್ತವೆ. ಬೇಸಗೆಯಲ್ಲಿ ಮನೆ ನೋಡಿ ಒಪ್ಪಿಕೊಂಡವರಿಗೆ ಈ ಕೆಳಗಿನ ಭಾಗ ತಂಪಾದ, ಅನುಕೂಲವಾದ ಕೋಣೆಯೆಂದು ತೋರುವುದು ಸಹಜ. ಆದರೆ ಬಯಲುಸೀಮೆಯ ಹಲವು ತಾಲೂಕುಗಳಲ್ಲಿ ವರ್ಷಪೂರ್ತಿ ಬೀಳುವಷ್ಟು ಮಳೆ ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತದೆ. ಆದ್ದರಿಂದ ನೆಲಮಾಳಿಗೆಯ ಕೆಲಸ ಮಳೆ ಹಿಡಿಯುವ ಮೊದಲೇ, ಅದೂ ಮನೆಯ ಹೊರಗಿನಿಂದ, ಆರಂಭವಾಗಬೇಕು ಎಂಬುದನ್ನು ಹೊಸಬರಿಗೆ ಒತ್ತಿ ಹೇಳಬಯಸುತ್ತೇವೆ.

ಇಲ್ಲಿನ ನೆಲದ ಗುಣವನ್ನು ಮೊದಲು ತಿಳಿದುಕೊಂಡಿರಬೇಕು. ಮೇಲ್ಪದರದಲ್ಲಿರುವ ಮುರಕಲ್ಲು (ಜಂಬಿಟ್ಟಿಗೆ) ಗಟ್ಟಿಯಾಗಿ ಕಂಡರೂ ಅದರ ಒಡಲೆಲ್ಲ ತೂತು. ಸ್ಪಂಜಿನಂತೆ ನೀರು ಹೀರಿ ನಿಧಾನವಾಗಿ ಕೆಳಕ್ಕೆ ಬಿಡುತ್ತದೆ. ಹಲವೆಡೆ ಅದರ ಅಡಿಯಲ್ಲಿ ಶೇಡಿ ಮಣ್ಣಿನ (ಬಿಳಿಚಾದ ಜೇಡಿಮಣ್ಣಿನ) ಪದರವಿದೆ. ಒಣಗಿದ್ದಾಗ ಹಾರೆಗೂ ಬಗ್ಗದ ಈ ಶೇಡಿ, ನೀರು ತುಂಬಿಕೊಂಡಾಗ ಕಸುವು ಕಳೆದುಕೊಂಡು ಜಾರತೊಡಗುತ್ತದೆ. ಮುರಕಲ್ಲಿನ ಮೂಲಕ ಇಳಿದ ನೀರು ಶೇಡಿಯ ಮೇಲೆ ತಡೆದು ನಿಂತು, ಅಡ್ಡಕ್ಕೆ ಹರಿದು, ಗುಡ್ಡವನ್ನು ಎಲ್ಲಿ ಕಡಿಯಲಾಗಿದೆಯೋ ಅಲ್ಲಿ ಒಸರಾಗಿ ಹೊರಬರುತ್ತದೆ. ಆ ಕಡಿದ ಜಾಗದಲ್ಲಿ ನಿಮ್ಮ ನೆಲಮಾಳಿಗೆಯ ಗೋಡೆ ಇದೆ. ಮಳೆ ನಿಂತು ಎರಡು ಮೂರು ದಿನ ಕಳೆದ ಮೇಲೂ ಗೋಡೆಯ ಬುಡ ಒದ್ದೆಯಾಗಿಯೇ ಇರುವುದಕ್ಕೆ ಇದೇ ಕಾರಣ.

ಹಾಗಾಗಿ ಪತ್ತನಾಜೆಯೊಳಗೆ, ಅಂದರೆ ಮೇ ತಿಂಗಳ ಕೊನೆಯ ವಾರದೊಳಗೆ, ಮನೆಯ ಮೇಲ್ಬದಿಯ ಕಣಿಯನ್ನು (ನೀರು ಹರಿಯುವ ಚರಂಡಿಯನ್ನು) ಬಿಡಿಸಿಕೊಳ್ಳಬೇಕು. ಗುಡ್ಡದಿಂದ ಇಳಿಯುವ ನೀರನ್ನು ಮನೆಗೆ ತಾಗದಂತೆ ಎರಡೂ ಬದಿಗೆ ತಿರುಗಿಸುವ ಈ ಕಣಿಯಲ್ಲಿ ವರ್ಷವಿಡೀ ತರಗೆಲೆ, ಸೋಗೆ, ಕುಸಿದ ಮಣ್ಣು ತುಂಬಿಕೊಂಡಿರುತ್ತದೆ. ಮಣ್ಣು ತೆಗೆದ ಮೇಲೆ ಒಂದು ಕೊಡ ನೀರು ಸುರಿದು, ಅದು ಯಾವ ಕಡೆಗೆ ಓಡುತ್ತದೆ, ಎಲ್ಲಿ ತಂಗುತ್ತದೆ ಎಂದು ಕಣ್ಣಾರೆ ನೋಡುವುದು ಒಳ್ಳೆಯದು. ಮಾಡಿನ (ಛಾವಣಿಯ) ನೀರಿಗೂ ಇಷ್ಟೇ ಗಮನ ಬೇಕು. ಒಂದು ಸಾವಿರ ಚದರ ಅಡಿಯ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರಾಗುತ್ತದೆ; ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಎಂದರೆ 24 ಗಂಟೆಗಳಲ್ಲಿ 115.6ರಿಂದ 204.4 ಮಿಲಿಮೀಟರ್‌ವರೆಗಿನ ಮಳೆ ಎಂದು ಅರ್ಥ. ಅಷ್ಟು ನೀರನ್ನು ಮಾಡಿನ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿದ್ದರೆ ಒಳಗೆ ಯಾವ ಬಣ್ಣ ಬಳಿದರೂ ಪ್ರಯೋಜನವಿಲ್ಲ. ಪೈಪಿನ ಬಾಯಿಯನ್ನು ಗೋಡೆಯಿಂದ ಐದಾರು ಅಡಿಯಾದರೂ ದೂರಕ್ಕೆ ಒಯ್ದು, ಸುತ್ತಲಿನ ಅಂಗಳ ಮನೆಯಿಂದ ಹೊರಕ್ಕೆ ಇಳಿಜಾರಾಗಿರುವಂತೆ ಮಾಡಿಸಿ.

ಮಣ್ಣು ತಡೆಯುವ ಗೋಡೆಯಲ್ಲಿ ಸಾಲಾಗಿ ಇಟ್ಟಿರುವ ಸಣ್ಣ ಪೈಪಿನ ತೂತುಗಳು ಅಲಂಕಾರಕ್ಕಲ್ಲ. ಗೋಡೆಯ ಹಿಂದೆ ಕೂಡಿಕೊಂಡ ನೀರಿನ ಒತ್ತಡ ಇಳಿಯುವುದು ಅವುಗಳ ಮೂಲಕವೇ. ಮಳೆಗೆ ಮೊದಲು ಒಂದು ಕಬ್ಬಿಣದ ಸರಳನ್ನು ಪ್ರತಿಯೊಂದು ತೂತಿಗೂ ಮೆಲ್ಲಗೆ ತೂರಿಸಿ ನೋಡಬೇಕು. ಬೇರು, ಕಣಜದ ಗೂಡು, ಗಟ್ಟಿಯಾದ ಕೆಸರು ಸಿಕ್ಕಿದರೆ ಎಳೆದು ತೆಗೆಯಬೇಕು. ಮಳೆಗಾಲದಲ್ಲಿ ಈ ತೂತುಗಳಿಂದ ತಿಳಿನೀರು ಬಂದರೆ ಸಮಾಧಾನಪಡಿ. ಆದರೆ ಕೆಂಪು ಅಥವಾ ಬಿಳಿ ರಾಡಿ ಬರತೊಡಗಿದರೆ ಗೋಡೆಯ ಹಿಂದಿನ ಮಣ್ಣು ಕೊಚ್ಚಿಹೋಗುತ್ತಿದೆಯೆಂದು ತಿಳಿಯಬೇಕು. ಅದರ ಜೊತೆಗೆ ಮೇಲಿನ ನೆಲದಲ್ಲಿ ಉದ್ದನೆಯ ಬಿರುಕು, ಗೋಡೆಯ ಉಬ್ಬು, ಮರಗಳ ಹೊಸ ವಾಲಿಕೆ ಕಂಡರೆ ಸಾಮಾನು ಸಾಗಿಸುತ್ತಾ ಕೂರದೆ ಮನೆಮಂದಿಯೆಲ್ಲ ಹೊರಬಂದು, ಜಿಲ್ಲಾ ತುರ್ತು ಕೇಂದ್ರದ 1077 ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಬೇಕು. ಬರೆ (ಕಡಿದ ಗುಡ್ಡದ ಮಗ್ಗುಲು) ಕುಸಿತವು ಕಾದು ನೋಡುವ ವಿಷಯವಲ್ಲ.

ಈ ಸೀಮೆಗೇ ವಿಶಿಷ್ಟವಾದ ಇನ್ನೊಂದು ಸಂಗತಿಯಿದೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು ನಮ್ಮಲ್ಲಿ ಇಂದಿಗೂ ಅನೇಕ ಮನೆಗಳಿಗೆ, ತೋಟಗಳಿಗೆ ಆಧಾರ. ಮನೆಯ ಹಿಂದೆ ಬಳಕೆ ತಪ್ಪಿದ ಹಳೆಯ ಸುರಂಗವಿದ್ದರೆ ಅದರ ಬಾಯಿಯನ್ನು ಕಲ್ಲುಮಣ್ಣು ತುಂಬಿ ಮುಚ್ಚಲು ಹೋಗಬೇಡಿ. ಹೊರಗೆ ಹರಿಯುತ್ತಿದ್ದ ನೀರು ಆಗ ದಾರಿ ಹುಡುಕುತ್ತಾ ಗೋಡೆಯತ್ತ ಬರಬಹುದು. ಮಕ್ಕಳು ನುಗ್ಗದಂತೆ ಸರಳಿನ ಬಾಗಿಲು ಹಾಕಿಸಿ, ನೀರು ಹೊರಹೋಗಲು ಎಡೆ ಬಿಡಿ. ಸುರಂಗ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ನೆರೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ.

ಒಳಗಿನ ಗೋಡೆ ಒದ್ದೆಯಾದಾಗ ಅದು ಮಣ್ಣಿನಿಂದ ಬಂದ ನೀರೋ ಗಾಳಿಯಿಂದ ಬಂದ ನೀರೋ ಎಂದು ಬೇರ್ಪಡಿಸಿಕೊಳ್ಳದೆ ದುಡ್ಡು ಖರ್ಚು ಮಾಡಬಾರದು. ಪರೀಕ್ಷೆ ಸುಲಭವಾಗಿದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿದ ಗೋಡೆಗೆ ನಾಲ್ಕೂ ಅಂಚುಗಳಲ್ಲಿ ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈಯಲ್ಲಿ ಹನಿಗಟ್ಟಿದ್ದರೆ ಕೋಣೆಯ ಗಾಳಿಯ ತೇವಾಂಶ ತಣ್ಣನೆಯ ಗೋಡೆಗೆ ತಾಗಿ ನೀರಾಗಿದೆ. ಹಾಳೆಯ ಹಿಂದೆ, ಗೋಡೆಯ ಕಡೆಗೆ, ಒದ್ದೆಯಿದ್ದರೆ ನೀರು ಗೋಡೆಯ ಮೂಲಕವೇ ಬರುತ್ತಿದೆ. ಮೊದಲನೆಯದಕ್ಕೆ ಮದ್ದು ಗಾಳಿಯ ನಿಯಂತ್ರಣ. ಆಟಿಯ (ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳ) ಜಡಿಮಳೆಯಲ್ಲಿ ಗಾಳಿ ಬರಲೆಂದು ಕಿಟಕಿ ತೆರೆದಿಟ್ಟರೆ ಒದ್ದೆ ಗಾಳಿಯೇ ಒಳಬರುವುದರಿಂದ, ಅಂತಹ ದಿನಗಳಲ್ಲಿ ಮುಚ್ಚಿಟ್ಟು, ಬಿಸಿಲು ಬಿದ್ದು ಗಾಳಿ ಒಣಗಿದಾಗ ತೆರೆಯಬೇಕು. ಒದ್ದೆಬಟ್ಟೆಯನ್ನು ಕೆಳಗೆ ಒಣಗಹಾಕುವುದನ್ನು ಬಿಡಬೇಕು. ಎರಡನೆಯದಕ್ಕೆ ಮದ್ದು ಈಗಾಗಲೇ ಹೇಳಿದ ಕಣಿ, ಪೈಪು ಮತ್ತು ತೂತುಗಳಲ್ಲಿದೆ. ಗೋಡೆಯಲ್ಲಿ ಬಿಳಿ ಪುಡಿ ಎದ್ದಿದ್ದರೆ ಅದು ನೀರು ಹೊತ್ತು ತಂದ ಉಪ್ಪು. ಒಣ ಬ್ರಷ್ಷಿನಿಂದ ಉಜ್ಜಿ ತೆಗೆದರೆ ಸಾಕು. ಅದರ ಮೇಲೆ ಎಣ್ಣೆಬಣ್ಣ ಬಳಿದರೆ ಒಳಗಿನ ನೀರು ಸಿಕ್ಕಿಹಾಕಿಕೊಂಡು ಬಣ್ಣವೂ ಗಾರೆಯೂ ಚಕ್ಕೆಯಾಗಿ ಏಳುತ್ತವೆ. ಗೋಡೆಗೆ ಉಸಿರಾಡಲು ಬಿಡುವ ಸುಣ್ಣವೇ ಇಂಥಲ್ಲಿ ಲೇಸು.

ಬೂಸ್ಟು ಹಿಡಿದ ಜಾಗವನ್ನು ಒಣಗಿದ್ದಾಗ ಗುಡಿಸಿದರೆ ಅದರ ಪುಡಿ ಉಸಿರಿಗೆ ಹೋಗುತ್ತದೆ. ಮೂಗು ಬಾಯಿ ಮುಚ್ಚಿಕೊಂಡು, ಸಾಬೂನು ನೀರಿನಿಂದ ಒದ್ದೆಬಟ್ಟೆಯಲ್ಲಿ ಒರೆಸಿ. ಬ್ಲೀಚಿಂಗ್ ಪೌಡರಿನೊಂದಿಗೆ ಕಕ್ಕಸು ತೊಳೆಯುವ ಆಸಿಡ್ಡನ್ನು ಎಂದಿಗೂ ಬೆರೆಸಬಾರದು. ಅದರಿಂದ ಹೊರಡುವ ಕ್ಲೋರಿನ್ ಅನಿಲ ಮುಚ್ಚಿದ ಕೋಣೆಯಲ್ಲಿ ಪ್ರಾಣಾಪಾಯ ತರುತ್ತದೆ. ಜನರೇಟರಿನ ಹೊಗೆಯಲ್ಲಿರುವ ವಿಷಾನಿಲವೂ ಹಾಗೆಯೇ ಅಪಾಯಕಾರಿಯಾದ್ದರಿಂದ ಅದನ್ನು ನೆಲಮಾಳಿಗೆಯಲ್ಲಿ ಓಡಿಸಬಾರದು. ಗ್ಯಾಸ್ ಸಿಲಿಂಡರನ್ನೂ ಇಡಬಾರದು: ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದ್ದು ಹೊರಹೋಗದೆ ನೆಲದಲ್ಲೇ ಮಡುಗಟ್ಟಿ ನಿಲ್ಲುತ್ತದೆ.

ನೀರೆತ್ತಲು ಗುಂಡಿಯೂ ಪಂಪೂ ಇರುವ ಮನೆಗಳಲ್ಲಿ ಮೇ ತಿಂಗಳಲ್ಲೇ ಗುಂಡಿಯ ತಳದ ಕೆಸರು ತೆಗೆದು, ಬಕೆಟಿನಿಂದ ನೀರು ಸುರಿಯುತ್ತಾ ಹೋಗಬೇಕು. ತೇಲುವ ಸ್ವಿಚ್ಚು ನೀರಿನೊಂದಿಗೆ ಮೇಲೇರಿ ಪಂಪು ತಾನಾಗಿ ಓಡಬೇಕು, ನೀರಿಳಿದಾಗ ತಾನಾಗಿ ನಿಲ್ಲಬೇಕು. ನಿಂತ ಮೇಲೆ ಪೈಪಿನಲ್ಲಿದ್ದ ನೀರು ಗುಂಡಿಗೆ ವಾಪಸು ಸುರಿದರೆ ಹಿಂತಡೆ ವಾಲ್ವು ಕೆಟ್ಟಿದೆ. ಗಾಳಿಮಳೆಗೆ ಕರೆಂಟು ಹೋಗುವ ಹೊತ್ತಿನಲ್ಲೇ ಪಂಪು ಬೇಕಾಗುತ್ತದೆ. ಮೋಟಾರು ಹೊರಡುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುವುದರಿಂದ, ದೀಪ ಮತ್ತು ಫ್ಯಾನಿಗೆಂದು ತಂದ ಇನ್ವರ್ಟರು ಅರ್ಧ ಎಚ್‌ಪಿ ಪಂಪನ್ನು ಎಬ್ಬಿಸುತ್ತದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳಿ. 30 ಮಿಲಿಆಂಪಿಯರಿನ ಇಎಲ್‌ಸಿಬಿ (ಕರೆಂಟು ಸೋರಿದಾಗ ತಾನಾಗಿ ಕಡಿಯುವ ಸ್ವಿಚ್ಚು) ಇರಲೇಬೇಕು. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ಕರೆಂಟು ಕಡಿಯುತ್ತದೆಯೇ ಎಂದು ನೋಡಬೇಕು. ನೀರು ನಿಂತ ಕೋಣೆಗೆ ಮೇಲಿನ ಮೈನ್ ಸ್ವಿಚ್ಚು ಆರಿಸದೆ ಕಾಲಿಡಬಾರದು. ವಿದ್ಯುತ್ ದೂರಿಗೆ 1912 ಇದೆ.

ಅಡಿಕೆ, ಅಕ್ಕಿ, ಪುಸ್ತಕಗಳನ್ನು ಮಣ್ಣಿಗೆ ತಾಗಿದ ಗೋಡೆಯಿಂದ ಒಂದು ಅಡಿ ಬಿಟ್ಟು, ಹಲಗೆಯ ಮೇಲೆ ಇಡಿ. ಗೆದ್ದಲಿನ ಮಣ್ಣಿನ ಕೊಳವೆಗಳು ಗೋಡೆಯಲ್ಲಿ ಏರಿದರೆ ಆಗ ಕೂಡಲೇ ಕಣ್ಣಿಗೆ ಬೀಳುತ್ತವೆ. ನಿಂತ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿದರೆ ಡೆಂಗಿಯ ಸೊಳ್ಳೆ ಬೆಳೆಯದು. ಇಲಿ ಓಡಾಡಿದ ನೆಲಮಾಳಿಗೆಯ ನೀರಿಗೆ ಬರಿಗಾಲಲ್ಲಿ ಇಳಿದರೆ ಇಲಿಜ್ವರದ ಭಯವಿದೆ, ಕಾಲಲ್ಲಿ ಗಾಯವಿದ್ದರಂತೂ ಇನ್ನೂ ಹೆಚ್ಚು. ಬೂಟು ಧರಿಸಿ, ಇಳಿಯಲೇಬೇಕಾಗಿ ಬಂದವರು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮುನ್ನೆಚ್ಚರಿಕೆಯ ಮಾತ್ರೆಯ ಬಗ್ಗೆ ವಿಚಾರಿಸಿ. ಹಾವು ಕಂಡರೆ ಕೋಲು ಹಿಡಿಯದೆ ಬಾಗಿಲು ಮುಚ್ಚಿ, ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪಿನ ಮೂಲಕ ತರಬೇತಾದವರನ್ನು ಕರೆಸಿ.

ರಸ್ತೆಬದಿಯ ಚರಂಡಿ ಕಟ್ಟಿಕೊಂಡು ನೀರು ನಿಮ್ಮ ಕೆಳ ಅಂತಸ್ತಿಗೆ ನುಗ್ಗುತ್ತಿದ್ದರೆ ಪಂಚಾಯತಿಗೆ ಲಿಖಿತ ಅರ್ಜಿ ಕೊಡಿ. ಕಾಸರಗೋಡಿನಲ್ಲಿ ಕನ್ನಡ ಭಾಷಾ ಅಲ್ಪಸಂಖ್ಯಾತರು ಕನ್ನಡದಲ್ಲೇ ಅರ್ಜಿ ಸಲ್ಲಿಸಬಹುದು. ಮಲಯಾಳ ಬಾರದೆಂದು ಹಿಂಜರಿಯಬೇಕಿಲ್ಲ. ಬಾಡಿಗೆ ಮನೆಯಾದರೆ ಕರಾರು ಬರೆಯುವಾಗಲೇ ಕಣಿ ಬಿಡಿಸುವುದು, ಪಂಪಿನ ದುರಸ್ತಿ, ಗೋಡೆಯ ದುರಸ್ತಿ ಯಾರ ಹೊಣೆಯೆಂದು ಮಾಲಕರೊಂದಿಗೆ ಮಾತಾಡಿ ಬರೆಸಿಕೊಳ್ಳಿ. ಗಾರೆ ಕೆಲಸವನ್ನು ಮಾತ್ರ ಮಳೆ ಬಿಟ್ಟ ಕೂಡಲೇ ಮಾಡಿಸಬೇಡಿ. ಅಕ್ಟೋಬರ್, ನವೆಂಬರಿನ ಗುಡುಗುಮಳೆ ಕಳೆದು ಗೋಡೆ ಪೂರ್ತಿ ಒಣಗುವುದಕ್ಕೆ ಜನವರಿಯಾದರೂ ಬೇಕು. ಜುಲೈಯಲ್ಲಿ ನೀರು ಒಸರಿದ ಜಾಗಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ, ಒಣಗಿದ ಗೋಡೆಯಲ್ಲಿ ಎಲ್ಲಿ ಕೈಹಾಕಬೇಕೆಂದು ಮೇಸ್ತ್ರಿಗೆ ತೋರಿಸಲು ಸುಲಭವಾಗುತ್ತದೆ.