ಕೊಬ್ಬರಿ ಬೆಲೆಗೆ ನಾವು ಮನವಿ ಕೊಟ್ಟ ಬಗೆ

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ತಿಪಟೂರು ಮಾರುಕಟ್ಟೆಯಲ್ಲಿ ಕೈಗೆ ಬರುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ. ತಿಪಟೂರು, ತುರುವೇಕೆರೆ ಕಡೆಯ ಕೆಲವು ಬೆಳೆಗಾರರು ಒಟ್ಟು ಸೇರಿದ್ದು ಆಗಲೇ.

'ಸರ್ಕಾರ ಬೆಲೆ ಕೊಡಬೇಕು' ಅಂತ ಎಲ್ಲರೂ ಹೇಳುತ್ತಿದ್ದರು. ಯಾವ ಸರ್ಕಾರ? ಬೆಲೆ ಶಿಫಾರಸು ಮಾಡುವುದು ದೆಹಲಿಯ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ, ಒಪ್ಪುವುದು ಕೇಂದ್ರ ಸಂಪುಟ. ಆ ಬೆಲೆಗೆ ಕೇಂದ್ರದ ಪರವಾಗಿ ಕೊಳ್ಳುವ ಸಹಕಾರ ಸಂಸ್ಥೆ ನಾಫೆಡ್ ಕೊಳ್ಳಬೇಕಾದರೆ ರಾಜ್ಯ ಪ್ರಸ್ತಾವ ಕಳಿಸಬೇಕು. ಮೇಲೆ ಪ್ರೋತ್ಸಾಹಧನ ಬೇಕು ಅಂದರೆ ಬೆಂಗಳೂರನ್ನೇ ಕೇಳಬೇಕು. ಖರೀದಿ ಕೇಂದ್ರ ಎಲ್ಲಿ, ತೂಕ ಯಾವಾಗ ಅನ್ನುವುದು ಜಿಲ್ಲಾಡಳಿತದ ಮಾತು. ಹಾಗಾಗಿ ಮೂರು ಮನವಿ ಬರೆದೆವು, ಒಂದೊಂದೂ ಒಂದೇ ಪುಟ.

ದೆಹಲಿಗೆ ಕಳಿಸುವುದಕ್ಕೆ ಖರ್ಚಿನ ಲೆಕ್ಕ ಬೇಕಿತ್ತು. ಗೊಬ್ಬರ, ಉಳುಮೆ, ಕಾಯಿ ಕೀಳುವ ಕೂಲಿ, ಸುಲಿಯುವ ಕೂಲಿ, ಗಾಡಿ ಬಾಡಿಗೆ ಎಲ್ಲ ಬರೆಯುತ್ತಾ ಹೋದೆವು. ಆಗ ಒಬ್ಬ ಅಜ್ಜಿ ಕೇಳಿದರು: 'ಅಲ್ಲಪ್ಪ, ಮನೆಯವರೆಲ್ಲ ತೋಟದಲ್ಲಿ ದುಡೀತೀವಲ್ಲ, ಅದಕ್ಕೆ ಲೆಕ್ಕ ಇಲ್ವಾ?' ಅಜ್ಜಿ ಕೇಳಿದ್ದು ಸರಿಯೇ. ಆಯೋಗವೂ ಮನೆಯವರ ದುಡಿಮೆಯನ್ನು ಖರ್ಚಿಗೆ ಸೇರಿಸುತ್ತದೆ. ಬೆಂಬಲ ಬೆಲೆ ಖರ್ಚಿನ ಒಂದೂವರೆ ಪಟ್ಟು ಇರಬೇಕು ಅನ್ನುವಾಗ ಲೆಕ್ಕ ನಿಲ್ಲುವುದೂ ಅಲ್ಲಿಗೇ. ಸ್ವಂತ ಜಮೀನಿನ ಗೇಣಿ, ಸ್ವಂತ ಸ್ಥಿರ ಬಂಡವಾಳದ ಬಡ್ಡಿ ಅದರಲ್ಲಿ ಬರುವುದಿಲ್ಲ. ಅವೆರಡನ್ನೂ ಸೇರಿಸಿ ಅಂತ ಕೇಳಿದೆವು.

ಬೆಂಗಳೂರಿನ ಕೆಲಸಕ್ಕೆ ಶಾಸಕರನ್ನು ಹಿಡಿದೆವು. ಅವರಿಗೆ ಹಾರ ಹಾಕಿ ಫೋಟೊ ತೆಗೆಸಿಕೊಂಡು ಬರುವುದರಲ್ಲಿ ನನಗೆ ನಂಬಿಕೆ ಇಲ್ಲ. ಅಧಿವೇಶನಕ್ಕೆ ಮುಂಚೆಯೇ ಪ್ರಶ್ನೆಯನ್ನು ನಾವೇ ಬರೆದುಕೊಟ್ಟೆವು: ಕಳೆದ ಸಾಲಿನಲ್ಲಿ ಖರೀದಿ ಎಷ್ಟು, ಯಾವ ತಾಲ್ಲೂಕಿನಲ್ಲಿ ಎಷ್ಟು ಕೇಂದ್ರ, ಹಣ ಬಾಕಿ ಎಷ್ಟು. ಸದನದಲ್ಲಿ ಪ್ರಶ್ನೆ ಬಂದರೆ ಮಂತ್ರಿಗಳ ಉತ್ತರ ಕಾಗದದ ಮೇಲೆ ಬರುತ್ತದೆ. ಮುಂದಿನ ಮನವಿಯಲ್ಲಿ ಅದೇ ಅಂಕಿ ಹಾಕಿದರೆ ಯಾವ ಅಧಿಕಾರಿಯೂ 'ನಿಮ್ಮ ಲೆಕ್ಕ ಸುಳ್ಳು' ಅನ್ನುವ ಹಾಗಿಲ್ಲ. ರಸ್ತೆ ತಡೆ ಮಾಡಿದರೆ ಪೇಪರಿನಲ್ಲಿ ಬರುತ್ತದೆ, ಅದೂ ಬೇಕು. ಆದರೆ ಕಡತ ಓಡುವುದು ಕಾಗದದಿಂದ.

2024ರ ಹಂಗಾಮಿಗೆ ಕೇಂದ್ರ 12,000 ಮಾಡಿತು, ರಾಜ್ಯ 1,500 ಸೇರಿಸಿತು. ನಮ್ಮಿಂದಲೇ ಆಯಿತು ಅಂತ ಜಂಬ ಕೊಚ್ಚಿಕೊಳ್ಳಲಾರೆ. ದೊಡ್ಡ ರೈತ ಸಂಘಗಳು ಬೀದಿಗಿಳಿದಿದ್ದವು, ಲೋಕಸಭೆ ಚುನಾವಣೆಯೂ ಹತ್ತಿರವಿತ್ತು ಅಲ್ವಾ!

ಬೆಲೆ ಸಿಕ್ಕಿದ ಮೇಲೆ ಇನ್ನೊಂದು ತಲೆನೋವು. ಖರೀದಿ ಕೇಂದ್ರದಲ್ಲಿ ಮಾರಲು ನೋಂದಣಿಗೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ ಬೇಕು, ಪಹಣಿಯಲ್ಲಿ ತೆಂಗು ಅಂತ ಇರಬೇಕು. ತೋಟ ತುಂಬ ಮರ ಇದ್ದವರ ಪಹಣಿಯಲ್ಲೂ ರಾಗಿ ಅಂತ ಕೂತಿತ್ತು. ಪಹಣಿಗೆ ಬೆಳೆಯ ಹೆಸರು ಸೇರುವುದು ಬೆಳೆ ಸಮೀಕ್ಷೆಯಿಂದ. ಈಗ ಆ ಸಮೀಕ್ಷೆ ಶುರುವಾದ ಕೂಡಲೇ ನಮ್ಮ ಹುಡುಗರು ಮನೆಮನೆಗೆ ಹೋಗಿ ಮೊದಲು ಪಹಣಿ ತೆಗೆಸಿ ನೋಡುತ್ತಾರೆ.